ಊಟ ಆಯ್ತಾ ಅಂತ ಕೇಳದ ಕಣ್ಣು

ಮುಂಬಯಿಯಲ್ಲಿ ಮನೆ ಮಾಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಮಾಡಿದ ಮನೆಯನ್ನು ಬಿಟ್ಟು ಹೊರಡುವುದು ಅದಕ್ಕಿಂತ ಕಷ್ಟ ಅನ್ನೋದನ್ನ ಯಾರೂ ಹೇಳೋದಿಲ್ಲ. ಊರಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಊರಿನ ಮನೆಗೆ ಪೂರ್ತಿ ಬೀಗ ಬೀಳುವುದು ಅಪರೂಪ. ಒಬ್ಬರು ಅಜ್ಜಿಯೋ, ತೋಟದ ಆಳೋ, ಯಾರೂ ಇಲ್ಲದಿದ್ದರೆ ಒಂದು ನಾಯಿಯಾದರೂ ಜಗಲಿಯಲ್ಲಿ ಇರುತ್ತದೆ. ಇಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟರ ಲೋಕಲ್ ಹಿಡಿದರೆ ರಾತ್ರಿ ಎಂಟರವರೆಗೆ ಮನೆ ದೇವರ ಪಾಲು. ಮೇ ರಜೆಗೋ ಚೌತಿಗೋ ಊರಿಗೆ ಹೊರಟರೆ ಹದಿನೈದು ದಿನ ದೇವರ ಪಾಲು. ರೈಲು ಪನ್ವೇಲ್ ದಾಟುವುದರೊಳಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಗ್ಯಾಸ್ ಬಂದ್ ಮಾಡಿದ್ದೀಯಲ್ಲ?"

ಈ ಚಿಂತೆಗೆ ನಮ್ಮ ಕಾಲ ಕೊಟ್ಟ ಉತ್ತರ ಕ್ಯಾಮರಾ. ಮನೆಯಲ್ಲಿಟ್ಟು, ದೂರದಲ್ಲಿ ಕೂತು, ಬೇಕೆಂದಾಗ ಅದರ ಗುಂಡಿ ಒತ್ತುವ ಕ್ಯಾಮರಾ. ಒಂದು ಕತೆಯನ್ನೋ ಸಿನಿಮಾವನ್ನೋ ವಿಮರ್ಶೆ ಮಾಡುವಾಗ ಕೇಳುವ ಪ್ರಶ್ನೆಗಳನ್ನು ಈ ಕ್ಯಾಮರಾಕ್ಕೂ ಕೇಳಬೇಕು ಅಂತ ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಇದು ಏನನ್ನು ತೋರಿಸುತ್ತದೆ, ಏನನ್ನು ಬಿಡುತ್ತದೆ, ಯಾರ ಪರವಾಗಿ ಮಾತಾಡುತ್ತದೆ? ಸಿನಿಮಾವೊಂದು ಸುಳ್ಳು ಹೇಳಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಮನೆಯ ಮೂಲೆಯ ಕ್ಯಾಮರಾ ಹೇಳಿದ್ದನ್ನು ಮಾತ್ರ ಮರುಮಾತಿಲ್ಲದೆ ನಂಬುತ್ತೇವೆ.

ಮೊದಲು ಹಳೆಯ ಉತ್ತರ ಏನಿತ್ತು ನೋಡೋಣ. ಗಿರ್‌ಗಾಂವ್, ಪರೇಲ್, ಲಾಲ್‌ಬಾಗ್ ಕಡೆಯ ಚಾಳುಗಳಲ್ಲಿ ಸಂಸಾರ ಮಾಡಿದ ನಮ್ಮವರನ್ನು ಕೇಳಿ. 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳಿನ ಒಂದು ಖೋಲಿ 160 ಚದರ ಅಡಿ. ಮುಂದೆ ಎಲ್ಲರಿಗೂ ಸೇರಿದ ಒಂದು ಉದ್ದ ಗ್ಯಾಲರಿ. ಹಗಲು ಬಾಗಿಲು ಮುಚ್ಚಿದರೆ ಅದೇ ಒಂದು ಸುದ್ದಿ. ಊರಿಗೆ ಹೊರಟರೆ ಬೀಗದ ಕೈ ಪಕ್ಕದ ಖೋಲಿಯ ವಹಿನಿಯ ಕೈಗೆ. ಆಕೆ ತುಳಸಿಗೆ ನೀರು ಹಾಕಿ, ಬಂದ ಪತ್ರ ಎತ್ತಿಟ್ಟು, ನಲ್ಲಿ ಸೋರಿದರೆ ಪ್ಲಂಬರನನ್ನೂ ಕರೆಸುತ್ತಿದ್ದಳು. ಇದನ್ನು ಹಾಡಿ ಹೊಗಳೋಕೆ ನಾನು ಹೊರಟಿಲ್ಲ. ಅದೇ ಗ್ಯಾಲರಿಯ ಕಣ್ಣುಗಳು ಕಾಲೇಜಿಗೆ ಹೋಗುವ ಹುಡುಗಿ ಎಷ್ಟು ಗಂಟೆಗೆ ಬಂದಳು, ಯಾರ ಜೊತೆ ಬಂದಳು ಅಂತ ಲೆಕ್ಕ ಇಡುತ್ತಿದ್ದವು. ಚಾಳು ಬಿಟ್ಟು ಫ್ಲ್ಯಾಟಿಗೆ ಹೋದ ಹೆಂಗಸರು ಮೊದಲು ಹೇಳಿದ ಮಾತು "ಸದ್ಯ, ಬಾಗಿಲು ಹಾಕ್ಕೊಳ್ಳಬಹುದು" ಅಂತ. ಆದರೆ ಆ ಕಣ್ಣುಗಳಿಗೆ ಒಂದು ಬಾಯಿ ಇತ್ತು. ನೋಡಿದವರು ಕೇಳುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡಬಹುದಿತ್ತು, ಜಗಳವನ್ನೂ ಆಡಬಹುದಿತ್ತು.

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಅಂತ ನಾವು ದೂರ ದೂರ ಸರಿದು, ಸೇಫ್ಟಿ ಡೋರಿನ ಹಿಂದೆ ಬದುಕತೊಡಗಿದ ಮೇಲೆ ಆ ಬಾಯಿಯೂ ಹೋಯಿತು, ಕಣ್ಣೂ ಹೋಯಿತು. ಆ ಜಾಗಕ್ಕೆ ಬಂದದ್ದು ಯಂತ್ರದ ಕಣ್ಣು.

ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಈ ಕಣ್ಣು ಮೊದಲು ಬಂದದ್ದು ಗೋಡೆಗೆ ಅಂಟಿಸುವ ಗುಂಡು ಕ್ಯಾಮರಾ ಆಗಿ ಅಲ್ಲ. ಮದುವೆ ಮುಂಜಿಗೆ ಫೋಟೋ ತೆಗೆಯುವ ಸಾದಾ ಡಿಜಿಟಲ್ ಕ್ಯಾಮರಾ ಆಗಿ. 2000ರ ಹೊತ್ತಿಗೆ ಕ್ಯಾಮರಾ ತಯಾರಕರು ಪಿಟಿಪಿ ಎಂಬ ಒಂದು ಸಮಾನ ಭಾಷೆ ಒಪ್ಪಿಕೊಂಡಿದ್ದರು. ಯುಎಸ್‌ಬಿ ತಂತಿಯಲ್ಲಿ ಕ್ಯಾಮರಾವನ್ನು ಕಂಪ್ಯೂಟರಿಗೆ ಜೋಡಿಸಿದರೆ, ಕಂಪ್ಯೂಟರ್ "ತೆಗಿ" ಅಂದಾಗ ಕೆಲವು ಮಾಡೆಲುಗಳು ಫೋಟೋ ತೆಗೆಯುತ್ತಿದ್ದವು. ಕ್ಯಾನನ್‌ನವರು ಅದಕ್ಕೆ ರಿಮೋಟ್ ಕ್ಯಾಪ್ಚರ್ ಎಂಬ ಸಾಫ್ಟ್‌ವೇರ್ ಕೊಡುತ್ತಿದ್ದರು. ಲಿನಕ್ಸ್ ಬಳಸುವವರಿಗೆ ಜಿಫೋಟೋ ಎಂಬ ಬಿಟ್ಟಿ ಸಾಫ್ಟ್‌ವೇರ್ ಇತ್ತು. ಎಲ್ಲ ಕ್ಯಾಮರಾಗಳೂ ಮಾತು ಕೇಳುತ್ತಿರಲಿಲ್ಲ. ಕೆಲವು ತೆಗೆದ ಫೋಟೋ ಕೊಡುತ್ತಿದ್ದವು, ಹೊಸದು ತೆಗಿ ಅಂದರೆ ಸುಮ್ಮನಿರುತ್ತಿದ್ದವು.

ವೆಬ್‌ಕ್ಯಾಮ್ ಇರುವಾಗ ಇಷ್ಟು ಕಷ್ಟ ಯಾಕೆ ಅಂದರೆ ಕಾರಣ ಇತ್ತು. ಆಗಿನ ಸಾಮಾನ್ಯ ವೆಬ್‌ಕ್ಯಾಮಿನ ಚಿತ್ರ 640ಕ್ಕೆ 480 ಚುಕ್ಕೆ, ಅಂದರೆ ಸುಮಾರು ಮೂರು ಲಕ್ಷ. ಮೂರು ಮೆಗಾಪಿಕ್ಸೆಲ್ ಕ್ಯಾಮರಾದ್ದು ಮೂವತ್ತು ಲಕ್ಷಕ್ಕೂ ಹೆಚ್ಚು. ವೆಬ್‌ಕ್ಯಾಮಿನಲ್ಲಿ ಕಳ್ಳನ ಮುಖ ಹಿಟ್ಟು ಕಲಸಿದ ಹಾಗೆ ಕಂಡರೆ, ಇದರಲ್ಲಿ ಗೋಡೆಯ ಕ್ಯಾಲೆಂಡರಿನ ತಿಥಿಯನ್ನೂ ಓದಬಹುದಿತ್ತು. ಬೆಲೆ ತೆರುವುದೂ ಇತ್ತು. ಬ್ಯಾಟರಿ ಸಾಲದು, ಕರೆಂಟಿನ ಅಡಾಪ್ಟರ್ ಬೇಕು. 56 ಕೆ ಡಯಲ್‌ಅಪ್‌ನಲ್ಲಿ ಆರುನೂರು ಕೆಬಿಯ ಒಂದು ಫೋಟೋ ಕಳಿಸೋಕೆ ಎರಡು ನಿಮಿಷಕ್ಕೂ ಮೇಲೆ ಹಿಡಿಯುತ್ತಿತ್ತು, ಅಷ್ಟು ಹೊತ್ತು ಮನೆಯ ಫೋನು ಎಂಗೇಜ್. 2005ರ ಸುಮಾರಿಗೆ ಬ್ರಾಡ್‌ಬ್ಯಾಂಡ್ ಉಪನಗರದ ಮನೆಗಳಿಗೂ ಬರತೊಡಗಿದ ಮೇಲೆ ಈ ಆಟ ಸುಲಭವಾಯಿತು.

ಗೋರೆಗಾಂವ್‌ನಲ್ಲಿದ್ದ ನನ್ನ ಸ್ನೇಹಿತರೊಬ್ಬರು ಅದೇ ಕಾಲದಲ್ಲಿ ಇಂಥದ್ದೊಂದನ್ನು ಮನೆಯ ಹಾಲಿನಲ್ಲಿ ಕೂರಿಸಿದರು. ಕುಂದಾಪುರದ ಕಡೆಯವರು. ಗಂಡ ಹೆಂಡತಿ ಇಬ್ಬರಿಗೂ ಆಫೀಸು. ಊರಿಂದ ಬಂದ ಅಮ್ಮ ಜೊತೆಯಲ್ಲಿದ್ದರು. ಹಗಲು ಅಮ್ಮನ ಜೊತೆಗೆ ಮತ್ತು ಮನೆಗೆಲಸಕ್ಕೆ ಒಬ್ಬ ಬಾಯಿ. ಹೆಂಗಸು ಯಾದಗಿರಿ ಕಡೆಯವಳು, ಕನ್ನಡದವಳೇ. ಮುಂಬಯಿ ಕನ್ನಡಿಗರು ಅಂದರೆ ಹೋಟೆಲು, ಬ್ಯಾಂಕು, ಯಕ್ಷಗಾನ ಅಂತ ನಾವು ಬರೆಯುತ್ತೇವೆ. ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಅದೇ ಕಟ್ಟಡಗಳ ಪಾತ್ರೆ ತೊಳೆಯುವ ಉತ್ತರ ಕರ್ನಾಟಕದವರು ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ಕಾಣುವುದು ಕಡಿಮೆ. ಈ ಕ್ಯಾಮರಾದಲ್ಲಿ ಮಾತ್ರ ಅವರೇ ಎದ್ದು ಕಾಣುತ್ತಾರೆ.

ಸ್ನೇಹಿತರು ಕ್ಯಾಮರಾ ಇಟ್ಟದ್ದು ಕಳ್ಳರಿಗಾಗಿ. ಹತ್ತು ನಿಮಿಷಕ್ಕೊಂದು ಫೋಟೋ. ನಡುವೆ ಬೇಕಾದರೆ ಆಫೀಸಿಂದಲೇ ಮನೆಯ ಕಂಪ್ಯೂಟರಿಗೆ ಹೇಳಿ ಇನ್ನೊಂದು. ಕಳ್ಳ ಬರಲಿಲ್ಲ. ಕಳ್ಳನಿಗಾಗಿ ಇಟ್ಟ ಕಣ್ಣು ಸುಮ್ಮನೆ ಇರೋದಿಲ್ಲವಲ್ಲ, ಇದ್ದವರನ್ನೇ ನೋಡುತ್ತದೆ. ಒಂದು ವಾರದ ಮೇಲೆ ಅವರು ನನ್ನನ್ನು ಕರೆದು ಫೋಟೋಗಳನ್ನು ತೋರಿಸಿದರು. "ನೋಡಿ, ಯಾವಾಗ ನೋಡಿದ್ರೂ ಕೂತೇ ಇರ್ತಾಳೆ" ಅಂದರು. ನಿಜ. ಸಾಲಾಗಿ ನಾಲ್ಕು ಫೋಟೋಗಳಲ್ಲಿ ಆ ಹೆಂಗಸು ಫ್ಯಾನಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಒಳಗಿನಿಂದ ಅಮ್ಮನ ಸ್ವರ ಬಂತು. "ಕೂಕೋ ಅಂದದ್ ನಾನೇ ಮಗಾ. ಬೆಳಗಿಂದ ನಿಂತದ್ದೇ ಅಲ್ದಾ ಅದ್? ನನ್ ಕಾಲಿಗೆ ಎಣ್ಣೆ ತಿಕ್ಕಿ ಈಗಷ್ಟೇ ಕೂತದ್."

ಅಲ್ಲೇ ನೆಲ ಒರೆಸುತ್ತಿದ್ದ ಆ ಹೆಂಗಸು ತಲೆ ಎತ್ತಿ ಕೇಳಿದಳು. "ಅಣ್ಣಾರೆ, ಅದು ನೋಡಿದ್ರ ನೋಡ್ಲಿ ಬಿಡ್ರಿ. ಖರೆ, ನಾ ಕೂತದ್ದಷ್ಟೇ ಕಾಣ್ತದೋ, ನಾ ಕೆಲಸ ಮಾಡಿದ್ದೂ ಕಾಣ್ತದೋ?"

ಕ್ಯಾಮರಾದ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ವಿಮರ್ಶೆ ಇದು. ಆಕೆಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಫೋಟೋ. ಮನೆಯೊಳಗಿನ ಬೆಳಕಿನಲ್ಲಿ ಒಂದು ಫೋಟೋಕ್ಕೆ ಕ್ಯಾಮರಾ ಕಣ್ಣು ತೆರೆಯುವುದು ಸೆಕೆಂಡಿನ ಮೂವತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಅಂದರೆ 86,400 ಸೆಕೆಂಡುಗಳ ಒಂದು ದಿನದಲ್ಲಿ ಅದು ನೋಡಿದ್ದು ಐದು ಸೆಕೆಂಡೂ ಇಲ್ಲ. ಉಳಿದದ್ದನ್ನು ತುಂಬಿಸಿದವರು ನೋಡಿದ ಯಜಮಾನರು. ಇನ್ನೊಂದು ಸಂಗತಿ. ಪಾತ್ರೆ ತಿಕ್ಕುವುದು ಮೋರಿಯಲ್ಲಿ, ಬಟ್ಟೆ ಒಣಗಿಸುವುದು ಗ್ಯಾಲರಿಯಲ್ಲಿ, ಅಡಿಗೆ ಅಡಿಗೆಮನೆಯಲ್ಲಿ. ಕ್ಯಾಮರಾ ಇರುವುದು ಹಾಲಿನಲ್ಲಿ. ಹಾಲು ಎಲ್ಲರ ಮನೆಯಲ್ಲೂ ಕೂರುವ ಜಾಗ. ಕೂರುವ ಜಾಗಕ್ಕೆ ಕ್ಯಾಮರಾ ಇಟ್ಟವರಿಗೆ ಕೂತವರೇ ಕಾಣುತ್ತಾರೆ. ಸುಳ್ಳು ಹೇಳದೆಯೂ ಕ್ಯಾಮರಾ ಹೀಗೆ ಚಾಡಿ ಹೇಳುತ್ತದೆ. ಈಗಿನವು ಬಿಡದೆ ವೀಡಿಯೋ ತೆಗೆಯುತ್ತವೆ, ಆ ತಕರಾರು ಈಗಿಲ್ಲ ಅನ್ನಬಹುದು. ಇಪ್ಪತ್ತನಾಲ್ಕು ಗಂಟೆಯ ವೀಡಿಯೋವನ್ನು ಕೂತು ನೋಡುವವರು ಯಾರು ಸ್ವಾಮಿ? ಫೋನಿನಲ್ಲಿ ಟಣ್ ಅಂದಾಗ ಎರಡು ಸೆಕೆಂಡು ನೋಡುತ್ತೇವೆ. ಹಾಲಿನಲ್ಲೇ ನೋಡುತ್ತೇವೆ.

ಚಲನೆ ಕಂಡಾಗ ಮಾತ್ರ ಫೋಟೋ ತೆಗೆಯುವ ಉಪಾಯವೂ ಆಗಲೇ ಇತ್ತು. ಹಿಂದಿನ ಚಿತ್ರ ಮತ್ತು ಈಗಿನ ಚಿತ್ರದ ಚುಕ್ಕೆಗಳನ್ನು ಸಾಫ್ಟ್‌ವೇರ್ ಹೋಲಿಸಿ ನೋಡಿ, ವ್ಯತ್ಯಾಸ ಹೆಚ್ಚಾದರೆ ಎಚ್ಚರಿಸುತ್ತದೆ. ಮುಂಬಯಿಯಲ್ಲಿ ಅದು ಎಚ್ಚರಿಸಿದ್ದು ಕಿಟಕಿಯ ಪಾರಿವಾಳಕ್ಕೆ, ಗಾಳಿಗೆ ಹಾರಿದ ಪರದೆಗೆ, ಮಿಣುಕುವ ಟ್ಯೂಬ್‌ಲೈಟಿಗೆ. ಏನು ಬದಲಾಯಿತು ಅಂತ ಯಂತ್ರ ಹೇಳೀತು. ಯಾಕೆ ಬದಲಾಯಿತು ಅಂತ ಹೇಳಬೇಕಾದವರು ಆ ಅಮ್ಮನಂಥವರು.

ಈ ಅಮ್ಮನ ವಿಷಯವೇ ನನ್ನನ್ನು ಹೆಚ್ಚು ಕಾಡಿದ್ದು. ಕ್ಯಾಮರಾ ಬರುವ ಮೊದಲು ದಿನಾ ಮಧ್ಯಾಹ್ನ ಒಂದೂವರೆಗೆ ಆಫೀಸಿನಿಂದ ಮಗನ ಫೋನು ಬರುತ್ತಿತ್ತು. "ಊಟ ಆಯ್ತಾ ಅಮ್ಮ?" ಎರಡು ನಿಮಿಷದ ಮಾತು. ಏನು ಸಾರು, ಗಂಜಿಗೆ ಉಪ್ಪಿನಕಾಯಿ ಉಂಟಾ, ಮಂಡಿ ನೋವು ಹೇಗಿದೆ. ಕ್ಯಾಮರಾ ಬಂದ ಮೇಲೆ ಊಟ ಆದದ್ದು ಫೋಟೋದಲ್ಲೇ ಕಾಣುತ್ತಿತ್ತು. ಫೋನು ಕಡಿಮೆಯಾಯಿತು. ಅಮ್ಮ ನನ್ನ ಹತ್ತಿರ ಹೇಳಿದ್ದು ಒಂದೇ ವಾಕ್ಯ. "ಈಗ ಮಾಣಿ ಫೋನ್ ಮಾಡುದಿಲ್ಲ, ಫೋಟೋ ತೆಗಿತ್ತ." ದೂರಿನ ದನಿ ಇರಲಿಲ್ಲ. ಮಧ್ಯಾಹ್ನ ಹಾಲಿನ ಫ್ಯಾನಿನ ಕೆಳಗೆ ಸೆರಗು ಸಡಿಲ ಮಾಡಿ ಮಲಗುವ ಅಭ್ಯಾಸ ಅವರದು. ಅದನ್ನು ಬಿಟ್ಟು ಸೆಖೆಯ ಅಡಿಗೆಮನೆಯಲ್ಲಿ ಚಾಪೆ ಹಾಸಿಕೊಳ್ಳತೊಡಗಿದ್ದರು. ಮಗನಿಗೆ ಹಾಲು ಖಾಲಿ ಕಂಡಿತು. ಅಮ್ಮ ಒಳಗೆ ಹಾಯಾಗಿ ಮಲಗಿದ್ದಾರೆ ಅಂತ ಅವರು ತಿಳಿದರು.

ನೋಡಿದರೆ ಕೇಳಬೇಕಾಗಿಲ್ಲ ಅಂದುಕೊಳ್ಳುವುದರಲ್ಲೇ ದೋಷ ಇರುವುದು. ಊಟ ಆಯ್ತಾ ಅಂತ ನಾವು ಕೇಳುವುದು ಊಟದ ಸುದ್ದಿ ತಿಳಿಯೋಕೆ ಅಂತ ಯಾರಂದರು? ಅದು ನೀನಿದ್ದೀಯಾ, ನಾನಿದ್ದೇನೆ ಅಂತ ಹೇಳಿಕೊಳ್ಳುವ ನಮ್ಮ ರೀತಿ. ಉತ್ತರ ಗೊತ್ತಿದ್ದರೂ ಕೇಳುತ್ತೇವೆ. ಕ್ಯಾಮರಾ ಉತ್ತರವನ್ನು ಕೊಟ್ಟು ಪ್ರಶ್ನೆಯನ್ನು ಕಿತ್ತುಕೊಳ್ಳುತ್ತದೆ.

ಹಾಗಂತ ಫೋಟೋಕ್ಕೆ ಬೆಲೆಯೇ ಇಲ್ಲ ಅಂತ ಅಲ್ಲ. ಇದೇ ಮುಂಬಯಿಯಲ್ಲಿ 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ಮುಂಬಯಿ ಮಿರರ್‌ನ ಸೆಬಾಸ್ಟಿಯನ್ ಡಿಸೋಜ ರೈಲು ಡಬ್ಬಿಯ ಮರೆಯಲ್ಲಿ ನಿಂತು ತೆಗೆದ ಕಸಬ್‌ನ ಫೋಟೋ ಜಗತ್ತೇ ನೋಡಿತು. ಅದೂ ಡಿಜಿಟಲ್ ಸ್ಟಿಲ್ ಕ್ಯಾಮರಾವೇ. ಆದರೆ ಅಲ್ಲಿ ಕ್ಯಾಮರಾದ ಹಿಂದೆ ಜೀವ ಕೈಯಲ್ಲಿ ಹಿಡಿದು ನಿಂತ ಒಬ್ಬ ಮನುಷ್ಯ ಇದ್ದ. ಆಮೇಲೆ ಆತ ನ್ಯಾಯಾಲಯಕ್ಕೆ ಬಂದು, ನಾನೇ ತೆಗೆದೆ, ಹೀಗೆ ಕಂಡೆ ಅಂತ ಸಾಕ್ಷಿಯನ್ನೂ ಹೇಳಿದ. ಕಾನೂನಿಗೂ ಈ ವಿವೇಕ ಇದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡಬೇಕಾದರೆ ಜವಾಬ್ದಾರಿಯುತ ವ್ಯಕ್ತಿಯ ಸಹಿ ಇರುವ ಪ್ರಮಾಣಪತ್ರ ಬೇಕು ಅಂತ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯೂ 63ನೇ ಕಲಮಿನಲ್ಲಿ ಅದನ್ನೇ ಕೇಳುತ್ತದೆ. ಯಂತ್ರದ ಮಾತಿಗೆ ಕೋರ್ಟು ಮನುಷ್ಯನ ಸಹಿ ಕೇಳುತ್ತದೆ. ನಾವು ಮಾತ್ರ ನಾಲ್ಕು ಫೋಟೋ ನೋಡಿ ಒಬ್ಬ ಹೆಂಗಸಿನ ಕೆಲಸ ತೆಗೆಯೋಕೆ ತಯಾರು.

ಸಂಕಟದ ಹೊತ್ತಿಗೆ ಇದು ಬೇಕಾಗುತ್ತದೆ ಅನ್ನುವವರಿಗೆ 2005ರ ಜುಲೈ 26ನ್ನು ನೆನಪಿಸಬೇಕು. ಆ ದಿನ ಸಾಂತಾಕ್ರೂಜ್‌ನಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ಲೋಕಲ್ ನಿಂತಿತು, ಉಪನಗರಗಳಲ್ಲಿ ಕರೆಂಟು ಹೋಯಿತು, ಫೋನುಗಳು ಸತ್ತವು. ತಂತಿ, ಕರೆಂಟು, ಫೋನು ಮೂರನ್ನೂ ನಂಬಿದ ಕಣ್ಣು ಅಂಥ ದಿನ ಮೊದಲೇ ಕುರುಡಾಗುತ್ತದೆ. ಆ ರಾತ್ರಿ ಎದೆಮಟ್ಟದ ನೀರಲ್ಲಿ ನಡೆದು ಬಂದವರಿಗೆ ಬಿಸ್ಕತ್ತು, ಚಹಾ ಕೊಟ್ಟು ಕೂರಿಸಿದ್ದು ಹೆಸರು ಗೊತ್ತಿಲ್ಲದ ಬಿಲ್ಡಿಂಗಿನ ಜನ.

ಕಣ್ಣಿಗೆ ಸಿಕ್ಕಿಬಿದ್ದವನ ಪಾಡು ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಯಶವಂತ ಚಿತ್ತಾಲರ 'ಶಿಕಾರಿ' 1979ರಷ್ಟು ಹಿಂದೆಯೇ ಬಂದ ಕಾದಂಬರಿ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ, ಯಾಕೆ ಅಂತ ತಿಳಿಯದೆ ಒಂದು ದಿನ ಕೆಲಸದಿಂದ ಅಮಾನತಾಗುತ್ತಾನೆ. ಆಮೇಲೆ ಎಲ್ಲರ ಕಣ್ಣಿನಲ್ಲೂ ಬೇಟೆಗಾರ ಕಾಣತೊಡಗುತ್ತಾನೆ. ಯಾರು ನನ್ನ ಬಗ್ಗೆ ಏನನ್ನು ಬರೆದಿಟ್ಟಿದ್ದಾರೆ, ನನಗೆ ಕಾಣದ ಯಾವ ಕಡತದಲ್ಲಿ ನಾನು ಹೇಗೆ ಕಾಣುತ್ತಿದ್ದೇನೆ ಅನ್ನುವ ಭಯ ಅದು. ಊರು ಬಿಟ್ಟು ಬಂದ ನಮಗೆಲ್ಲ ಆ ಭಯ ಗೊತ್ತು. ಗೊತ್ತಿದ್ದೂ, ನಮಗಿಂತ ಇನ್ನಷ್ಟು ದೂರದಿಂದ, ಇನ್ನಷ್ಟು ಬರಿಗೈಯಲ್ಲಿ ಬಂದವಳ ಮೇಲೆ ಅದೇ ಕಣ್ಣನ್ನು ತಿರುಗಿಸುತ್ತೇವೆ. ಆಕೆ ತನ್ನ ಫೋಟೋಗಳನ್ನು ನೋಡಿಲ್ಲ. ಯಾವುದನ್ನು ಇಟ್ಟುಕೊಂಡರು, ಯಾರಿಗೆ ತೋರಿಸಿದರು ಆಕೆಗೆ ಗೊತ್ತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಹೆಮ್ಮೆಯ ವಿಷಯ. ಆ ಹೆಮ್ಮೆ ನಮ್ಮ ಮನೆಯ ಅಡಿಗೆಮನೆಯವರೆಗೂ ಬರಬೇಕಲ್ಲ.

ದೂರದ ಕಣ್ಣು ಮೊದಮೊದಲು ಹೀಗಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ 1991ರಲ್ಲಿ ಒಂದು ಕ್ಯಾಮರಾ ಇಟ್ಟರು. ಅದು ನೋಡುತ್ತಿದ್ದುದು ಕಾಫಿ ಪಾತ್ರೆಯನ್ನು. ಬೇರೆ ಮಾಳಿಗೆಯಲ್ಲಿ ಕೂತವರು ಮೆಟ್ಟಿಲು ಹತ್ತಿ ಬಂದು ಖಾಲಿ ಪಾತ್ರೆ ನೋಡಿ ವಾಪಸು ಹೋಗುವುದು ತಪ್ಪಲಿ ಅಂತ. 1993ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂತು, 2001ರಲ್ಲಿ ಬಂದಾಯಿತು. ನಾನು ಆ ಕ್ಯಾಮರಾದ ಪಕ್ಷಪಾತಿ. ಅದು ಕಾಫಿಯನ್ನು ನೋಡಿತು, ಕಾಫಿ ಮಾಡುವವರನ್ನು ನೋಡಲಿಲ್ಲ. ಗೋರೆಗಾಂವ್‌ನ ಆ ಡಿಜಿಟಲ್ ಕ್ಯಾಮರಾದಲ್ಲೂ ಒಂದು ಪ್ರಾಮಾಣಿಕತೆ ಇತ್ತು. ಫೋಟೋ ತೆಗೆಯುವ ಮೊದಲು ಅದರ ಲೆನ್ಸು ಜರ್ರ್ ಅಂತ ಹೊರಗೆ ಬರುತ್ತಿತ್ತು. ನಾನು ನೋಡುತ್ತಿದ್ದೇನೆ ಅಂತ ಅದು ಹೇಳಿಯೇ ನೋಡುತ್ತಿತ್ತು. ಈಗಿನವು ಸದ್ದು ಮಾಡುವುದಿಲ್ಲ. ನಾವು ನೋಡುತ್ತಿದ್ದೇವೆ ಅಂದುಕೊಂಡಾಗ ಇನ್ಯಾರೋ ನೋಡುತ್ತಿರಲೂಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದ ಲಕ್ಷಗಟ್ಟಲೆ ಕ್ಯಾಮರಾ ಮತ್ತಿತರ ಸಾಧನಗಳನ್ನು ವಶ ಮಾಡಿಕೊಂಡಿತ್ತು.

ಇದನ್ನೆಲ್ಲ ಊರಲ್ಲಿರುವ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕ್ಯಾಮರಾದ ದಿಕ್ಕು ಈಗ ತಿರುಗಿದೆ. ಮುಂಬಯಿ, ಬೆಂಗಳೂರು, ಅಮೆರಿಕದಲ್ಲಿರುವ ಮಕ್ಕಳು ಚೌತಿಗೆ ಬಂದಾಗ ನಿಮ್ಮ ಜಗಲಿಗೆ, ಚಾವಡಿಗೆ ಒಂದೊಂದು ಕೂರಿಸಿ ಹೋಗುತ್ತಿದ್ದಾರೆ. ಪ್ರೀತಿಯಿಂದಲೇ. ಬಚ್ಚಲಿನಲ್ಲಿ ಜಾರಿ ಬಿದ್ದು ಗಂಟೆಗಟ್ಟಲೆ ಯಾರಿಗೂ ತಿಳಿಯದೆ ಇದ್ದ ಹಿರಿಯರ ಕತೆ ನಾವೆಲ್ಲ ಕೇಳಿದ್ದೇವೆ, ಆ ಭಯ ಸುಳ್ಳಲ್ಲ. ಆದರೆ ಬಚ್ಚಲಲ್ಲಿ ಕ್ಯಾಮರಾ ಇರುವುದಿಲ್ಲ, ಇರಲೂಬಾರದು. ಬಿದ್ದವರನ್ನು ಎತ್ತುವುದು ಪಕ್ಕದ ಮನೆಯವರೇ. ಅವರ ನಂಬರ್ ಮಗನ ಫೋನಿನಲ್ಲಿ ಇದೆಯಾ ಅಂತ ಮೊದಲು ಕೇಳಿ.

ಇಡಲೇಬೇಕು ಅಂದರೆ ಬಾಗಿಲ ಹೊರಗೆ ಇಡಲಿ, ಗೇಟನ್ನು ನೋಡಲಿ. ಒಳಗೆ ಬೇಡ. ಇರುವುದು ಎಲ್ಲಿ, ಕಾಣುವುದು ಎಷ್ಟು ಅಂತ ಮನೆಯಲ್ಲಿ ಓಡಾಡುವ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ತೋರಿಸಲಿ. ಅದನ್ನು ಆರಿಸುವ ಸ್ವಿಚ್ಚು ದೂರದ ಮಗನ ಫೋನಿನಲ್ಲಿ ಮಾತ್ರ ಅಲ್ಲ, ನಿಮ್ಮ ಕೈಗೆಟಕುವ ಗೋಡೆಯಲ್ಲೂ ಇರಲಿ. ಚಿತ್ರ ಯಾರದೋ ಅವರಿಗೆ ಅದನ್ನು ನೋಡುವ ಮತ್ತು "ಆಗ ನಡೆದದ್ದು ಹೀಗೆ" ಅಂತ ಹೇಳುವ ಅವಕಾಶ ಇರಲಿ. ಇಷ್ಟಕ್ಕೂ ಒಪ್ಪದ ಮಗನಿಗೆ ಬೇಕಾದದ್ದು ನಿಮ್ಮ ರಕ್ಷಣೆಯಲ್ಲ, ತನ್ನ ಸಮಾಧಾನ.

ಗೋರೆಗಾಂವ್‌ನ ಆ ಹೆಂಗಸಿನ ಕೆಲಸ ಹೋಗಲಿಲ್ಲ. ಉಳಿಸಿದ್ದು ಅಮ್ಮ. ಕ್ಯಾಮರಾ ನೋಡಿದ್ದಕ್ಕೆ ಎದುರು ಮಾತಾಡೋಕೆ ಆ ಮನೆಯಲ್ಲಿ ಒಬ್ಬರು ಇದ್ದರು. ಎದುರು ಮಾತಾಡುವವರು ಇಲ್ಲದ ಮನೆಗಳಲ್ಲೂ ಇವತ್ತು ಅದೇ ಕ್ಯಾಮರಾ ಕೂತಿದೆ, ಅದೂ ಸದ್ದಿಲ್ಲದೆ.